ಬೆನ್ನು ಕಿತ್ತ ಪುಸ್ತಕಗಳು

ಪುಸ್ತಕದ ಬೆನ್ನು ಕೀಳುವುದಕ್ಕೆ ಒಂದು ಪಟ್ಟು ಇದೆ. ಪುಸ್ತಕವನ್ನು ಮೊಣಕಾಲ ಮೇಲೆ ಬೋರಲು ಹಾಕಬೇಕು. ಎರಡೂ ರಟ್ಟು ಹಿಂದಕ್ಕೆ ಮಡಚಿ ಒಂದೇ ಕೈಯಲ್ಲಿ ಹಿಡಿಯಬೇಕು. ಇನ್ನೊಂದು ಕೈಯ ಹೆಬ್ಬೆರಳನ್ನು ಅಂಟು ಹಚ್ಚಿದ ಜಾಗಕ್ಕೆ ಒತ್ತಿ ಎಳೆಯಬೇಕು. ಹಳೆಯ ಪುಸ್ತಕವಾದರೆ ಒಂದೇ ಎಳೆತಕ್ಕೆ ಬರುತ್ತದೆ. ರಟ್ಟು ಒಂದು ಕಡೆ, ಅಂಟಿನ ಬೆನ್ನು ಒಂದು ಕಡೆ, ಹಾಳೆ ಒಂದು ಕಡೆ. ಹಾಳೆಯ ಜೊತೆ ಅಂಟು ಸೇರಿದರೆ ಕಾಗದದ ಕಾರ್ಖಾನೆಯವರು ಇಡೀ ಲೋಡು ವಾಪಸ್ ಕಳಿಸುತ್ತಾರೆ. ಹದಿನಾಲ್ಕು ವರ್ಷ ನಾನು ರದ್ದಿ ಗೋದಾಮಿನಲ್ಲಿ ಮಾಡಿದ್ದು ಇದೇ ಕೆಲಸ. ಮೂರನೇ ಕ್ಲಾಸು ಬಿಟ್ಟ ಮಾರನೇ ದಿನ ಅಮ್ಮ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಪಟ್ಟು ಹೇಳಿಕೊಟ್ಟಳು.

ಆ ಗೋದಾಮಿನಲ್ಲಿ ಒಂದು ಕಟ್ಟಳೆ ಇತ್ತು. ಓದಬಾರದು. ನಗಬೇಡಿ, ನಿಜ ಹೇಳುತ್ತಿದ್ದೇನೆ. ಇಡೀ ಊರಿನ ಕಾಗದ ಬಂದು ಬೀಳುವ ಜಾಗದಲ್ಲಿ ಓದಿದರೆ ತಪ್ಪು. ಓದುವವಳ ಕೈ ನಿಧಾನ ಆಗುತ್ತದೆ ಎಂದು ಮಾಲೀಕನ ವಾದ. ಅವನು ತೂಕದ ಯಂತ್ರದ ಪಕ್ಕ ಎತ್ತರದ ಸ್ಟೂಲಿನ ಮೇಲೆ ಕೂತು ನಮ್ಮ ಕೈ ನೋಡುತ್ತಿರಲಿಲ್ಲ, ತುಟಿ ನೋಡುತ್ತಿದ್ದ. ಎರಡು ಮೂರು ಕ್ಲಾಸು ಕಲಿತ ನಮ್ಮಂಥವರಿಗೆ ಬಾಯಲ್ಲಿ ಹೇಳಿಕೊಳ್ಳದೆ ಅಕ್ಷರ ಕೂಡುವುದಿಲ್ಲ. ತುಟಿ ಅಲ್ಲಾಡಿತೋ, ಆ ದಿನ ಮನೆಗೆ. ಎರಡನೇ ಸಲ ಅಲ್ಲಾಡಿತೋ, ಗಾಜು ಒಡೆಯುವ ಶೆಡ್ಡಿಗೆ. ಹೆಂಗಸರೆಲ್ಲ ಸೇರಿ ಅವನಿಗೆ 'ತುಟಿಗಾವಲು' ಎಂದು ಹೆಸರಿಟ್ಟಿದ್ದರು.

ಸೇರಿದ ಹೊಸದರಲ್ಲಿ ಒಂದು ಚಿತ್ರದ ಪುಸ್ತಕ ಓದಿ ನಾನೂ ಸಿಕ್ಕಿಬಿದ್ದೆ. ಒಂದು ತಿಂಗಳು ಗಾಜಿನ ಶೆಡ್ಡಿನಲ್ಲಿ ಅಂಗಾಲು ಕೊಯ್ದುಕೊಂಡೆ. ವಾಪಸ್ ಬಂದ ಮೇಲೆ ಕಾಗದ ನೋಡಿದರೂ ಅಕ್ಷರ ನೋಡದೇ ಇರುವುದನ್ನು ಕಲಿತೆ. ಅದೇನು ಕಷ್ಟವಲ್ಲ, ಹೊಟ್ಟೆ ಕಲಿಸುತ್ತದೆ. ಕೈಗೆ ಸಿಕ್ಕಿದ್ದು ನುಣುಪೋ ಒರಟೋ, ಪಿನ್ನೋ ಅಂಟೋ ಎಂದಷ್ಟೇ ತಿಳಿಯುತ್ತಿತ್ತು. ಅಮ್ಮನಿಗೆ ಮೊದಲಿಗೇ ಅಕ್ಷರ ಬರುತ್ತಿರಲಿಲ್ಲ. "ನಂಗೆ ಆ ಕಾಟವೇ ಇಲ್ಲ ನೋಡು" ಎಂದು ಅವಳು ಬೀಗುತ್ತಿದ್ದಳು.

ನನ್ನ ತಂಗಿ ನನ್ನ ಹಾಗಲ್ಲ. ಹದಿಮೂರು ವರ್ಷ, ಏಳನೇ ಕ್ಲಾಸು. ನಮ್ಮ ಓಣಿಯಲ್ಲಿ ಏಳರವರೆಗೆ ಹೋದ ಹೆಣ್ಣು ಅವಳೊಬ್ಬಳೇ. ಬಾಯಿ ಅಂದರೆ ಬಾಯಿ. ಔಷಧಿ ಚೀಟಿ ಓದುತ್ತಾಳೆ, ನೀರಿನ ಕಚೇರಿಗೆ ಅರ್ಜಿ ಬರೆಯುತ್ತಾಳೆ. ಪಕ್ಕದ ಮನೆಯ ಮಗುವಿಗೆ ಅವಧಿ ಮುಗಿದ ಔಷಧಿ ಕುಡಿಸಲು ಹೊರಟವರ ಕೈಯಿಂದ ಸೀಸೆ ಕಿತ್ತುಕೊಂಡವಳು ಅವಳು. ಆವತ್ತಿನಿಂದ ಓಣಿಯವರು ಔಷಧಿ ತಂದರೆ ಮೊದಲು ಅವಳ ಮುಂದೆ ಹಿಡಿಯುತ್ತಾರೆ. ವರ್ಷದ ಕೊನೆಗೆ ಏಳನೆಯದಕ್ಕೆ ದೊಡ್ಡ ಪರೀಕ್ಷೆ. ಪಾಸಾದರೆ ಹೈಸ್ಕೂಲು, ಅಲ್ಲೇ ಊಟ, ಅಲ್ಲೇ ವಾಸ. ಇಲ್ಲವಾದರೆ ಗೋದಾಮು. ಅವಳಿಗೆಂದು ಅಮ್ಮ ಒಂದು ಮಣೆಯನ್ನೂ ತಂದಿಟ್ಟಿದ್ದಳು. ಪ್ರೀತಿ ಇಲ್ಲದೆ ಅಲ್ಲ. ನೆಲದ ಮೇಲೆ ಕೂತರೆ ಸೊಂಟ ಹಿಡಿಯುತ್ತದೆ ಎಂದು ಅಮ್ಮನಿಗೆ ಗೊತ್ತಿತ್ತು.

ಆ ವರ್ಷ ನಮ್ಮ ಓಣಿಯ ಮಕ್ಕಳಿಗೆ ಪುಸ್ತಕ ಬರಲಿಲ್ಲ. ಎಂಬತ್ತು ಮಕ್ಕಳು. ಬೇರೆ ಬೀದಿಯ ಮಕ್ಕಳಿಗೆ ಬಂತು. ನಮ್ಮ ಮಕ್ಕಳು ಕೇಳಿದಾಗೆಲ್ಲ ಹೆಡ್ ಮೇಷ್ಟ್ರದ್ದು ಒಂದೇ ಮಾತು: "ಬಂದಿಲ್ಲ." ಮಳೆಗಾಲ ಮುಗಿದರೂ ಬಂದಿಲ್ಲ. ಅರ್ಧ ವರ್ಷದ ಪರೀಕ್ಷೆ ಮುಗಿದರೂ ಬಂದಿಲ್ಲ. ಮಕ್ಕಳು ಅವರನ್ನು 'ಬಂದಿಲ್ಲ ಮೇಷ್ಟ್ರು' ಎಂದೇ ಕರೆಯತೊಡಗಿದರು. ಆಮೇಲೆ ಒಂದು ಹೊಸ ನಿಯಮ ಬಂತು. ಪುಸ್ತಕ ಇಲ್ಲದವರು ಪಾಠದ ಹೊತ್ತಿನಲ್ಲಿ ಜಗಲಿಯಲ್ಲಿ ನಿಲ್ಲಬೇಕು, ಪಕ್ಕದವರ ಪುಸ್ತಕಕ್ಕೆ ಬಗ್ಗಿ ನೋಡಿ ತೊಂದರೆ ಕೊಡಬಾರದು. ತಂಗಿ ಕಿಟಕಿಯ ಸರಳು ಹಿಡಿದು ನಿಂತು ಪಾಠ ಕೇಳುತ್ತಿದ್ದಳು. ಕೇಳಿಸಿದ್ದಷ್ಟನ್ನು ನಾನು ತಂದುಕೊಟ್ಟ ಒಂದು ಮಗ್ಗುಲು ಖಾಲಿ ಇರುವ ಹಾಳೆಗಳಲ್ಲಿ ಬರೆದುಕೊಳ್ಳುತ್ತಿದ್ದಳು.

"ಅಕ್ಕಾ, ವಿಜ್ಞಾನದಲ್ಲಿ ಚಿತ್ರ ಬಿಡಿಸಬೇಕಂತೆ. ಕಿವಿಯಲ್ಲಿ ಕೇಳಿ ಚಿತ್ರ ಹೆಂಗೆ ಬಿಡಿಸೋದು?" ಎಂದು ಕೇಳಿದಳು ಒಂದು ದಿನ.

"ನಿಮ್ಮ ಮೇಷ್ಟ್ರ ಮುಖ ನೋಡಿ ಬಿಡಿಸು, ಪ್ರಾಣಿ ಪಾಠಕ್ಕೆ ಆಗುತ್ತೆ" ಎಂದೆ. ಅವಳು ನಗಲಿಲ್ಲ. ಪರೀಕ್ಷೆಗೆ ಇನ್ನು ಎರಡೇ ತಿಂಗಳು ಇತ್ತು.

ಆ ಸೋಮವಾರ ಬೆಳಿಗ್ಗೆ ಗೋದಾಮಿಗೆ ಆರು ಚೀಲ ಬಂದವು. ಅಮ್ಮನ ಮತ್ತು ನನ್ನ ಮುಂದೆಯೇ ತಂದು ಇಳಿಸಿದರು. ಒಳಗೆ ಎಲ್ಲ ಪುಸ್ತಕ. ಮೊದಲನೆಯದರ ಬೆನ್ನಿಗೆ ಹೆಬ್ಬೆರಳು ಹಾಕಿದಾಗಲೇ ತಿಳಿಯಿತು, ಅಂಟು ಗಟ್ಟಿ ಇದೆ. ಒಂದು ಸಲವೂ ತೆರೆಯದ ಪುಸ್ತಕದ ಬೆನ್ನು ಹಾಗಿರುತ್ತದೆ. ಎರಡು ಸಲ ಎಳೆಯಬೇಕು, ಮೂರು ಸಲ ಎಳೆಯಬೇಕು. ಹಾಳೆಯ ಅಂಚು ಹೊಸದು, ಬೆರಳ ಸಂದಿಯನ್ನು ಕೊಯ್ಯುತ್ತದೆ. ಹತ್ತು ಗಂಟೆಯ ಹೊತ್ತಿಗೆ ನನ್ನ ಉಗುರಿನ ಬುಡದಲ್ಲಿ ರಕ್ತ ಬಂತು. "ಯಾವ ಪಾಪಿ ಇಷ್ಟು ಗಟ್ಟಿಯಾಗಿ ಅಂಟಿಸಿದನೋ, ಅವನ ಕೈ ಸೇದಿಹೋಗ" ಎಂದು ಶಪಿಸಿದೆ. ಬಟ್ಟೆಯ ಚೂರು ಸುತ್ತಿಕೊಂಡು ಮತ್ತೆ ಕಿತ್ತೆ. ಅಮ್ಮನೂ ಕಿತ್ತಳು. ಮಧ್ಯಾಹ್ನದ ಒಳಗೆ ಮೂರು ಚೀಲ ಮುಗಿಸಿದೆವು. ಚೀಲಕ್ಕೆ ಎಂಬತ್ತರಂತೆ ಇನ್ನೂರ ನಲವತ್ತು ಪುಸ್ತಕ. ಹಾಳೆಗಳನ್ನು ಆಗಿಂದಾಗಲೇ ಹೊತ್ತುಕೊಂಡು ಹೋಗಿ ಒತ್ತುವ ಯಂತ್ರಕ್ಕೆ ಹಾಕಿದರು.

ಮಧ್ಯಾಹ್ನ ತಂಗಿ ಬಂದಳು. ಸ್ಕೂಲು ಬಿಡುವ ಹೊತ್ತಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ಗೋದಾಮಿನ ಬಾಗಿಲಲ್ಲಿ ನಿಂತಿದ್ದಳು. ಜಗಲಿಯಿಂದಲೂ ಕಳಿಸಿಬಿಟ್ಟರಂತೆ. ಇನ್ನು ನಾಲ್ಕು ವಾರಕ್ಕೆ ಹೊರದೇಶದ ಅತಿಥಿಗಳು ಬರುತ್ತಾರೆ, ಜಗಲಿಗೆ ಬಣ್ಣ ಹಚ್ಚಬೇಕು, ಒಣಗುವವರೆಗೆ ಬರಬೇಡಿ ಎಂದರಂತೆ. ಹೇಳುತ್ತ ಹೇಳುತ್ತ ಅವಳ ಕಣ್ಣು ನನ್ನ ಮೊಣಕಾಲಿನ ಕಡೆ ಬಿತ್ತು.

"ಅಕ್ಕಾ, ನಿಲ್ಲಿಸು."

"ಯಾಕೆ?"

"ನಿಲ್ಲಿಸು ಅಂದ್ರೆ ನಿಲ್ಲಿಸು! ಅದು ನಮ್ಮ ಪುಸ್ತಕ!"

ನಾನು ಹದಿನಾಲ್ಕು ವರ್ಷದ ಮೇಲೆ ಮೊದಲ ಸಲ ಕೈಯಲ್ಲಿದ್ದದ್ದನ್ನು ನೋಡಿದೆ. ತುಟಿ ಅಲ್ಲಾಡಿಸಿಯೇ ಓದಿದೆ. ವಿ. ಜ್ಞಾ. ನ. ಏಳನೆಯ ತರಗತಿ. ಕೆಳಗೆ ಅವಳ ಸ್ಕೂಲಿನ ಮೊಹರು. ಒಳಗಿನ ಹಾಳೆಯಲ್ಲಿ ಸೀಳಿದ ಹೂವಿನ ಚಿತ್ರ, ಒಂದೊಂದು ಭಾಗಕ್ಕೂ ಬಾಣ ಹಾಕಿ ಹೆಸರು ಬರೆದಿತ್ತು. ಆ ಚಿತ್ರಕ್ಕಾಗಿಯೇ ಅವಳು ಅಷ್ಟು ದಿನ ಅಂಗಲಾಚಿದ್ದು. ನನ್ನ ಮಗ್ಗುಲಲ್ಲಿ ರಟ್ಟಿನ ರಾಶಿ ಇತ್ತು, ಬರೀ ರಟ್ಟು, ಎಲ್ಲಕ್ಕೂ ಅದೇ ಮೊಹರು. ನಾನು ಕುರುಡಿಯಲ್ಲ. ಬರುವ ಅಕ್ಷರವನ್ನು ಬರುವುದಿಲ್ಲ ಎಂದು ಮಾಡಿಕೊಂಡವಳು. ನನ್ನ ಕೈಯಾರೆ ನಮ್ಮ ಮಕ್ಕಳ ವರ್ಷವನ್ನು ಹರಿದು ಯಂತ್ರಕ್ಕೆ ಕೊಟ್ಟಿದ್ದೆ.

ಅಮ್ಮನ ಕೈ ಮಾತ್ರ ನಿಂತಿರಲಿಲ್ಲ. ಕೇಳಿಸಿಕೊಂಡ ಮೇಲೂ ಇನ್ನೊಂದು ಪುಸ್ತಕ ಮೊಣಕಾಲಿಗೆ ಹಾಕಿಕೊಂಡಿದ್ದಳು. ಅವಳ ಕೈಗೆ ನಿಲ್ಲುವುದು ಗೊತ್ತಿರಲಿಲ್ಲ. ತಂಗಿ ಹೋಗಿ ಆ ಪುಸ್ತಕವನ್ನು ಹಿಡಿದುಕೊಂಡು ನಿಂತ ಮೇಲೆ ಬಿಟ್ಟಳು.

"ಏನೇ ಅಲ್ಲಿ ಪುರಾಣ ಓದ್ತಿರೋದು?" ತುಟಿಗಾವಲು ಸ್ಟೂಲಿನಿಂದ ಇಳಿದು ಬಂದ.

"ಇದು ಸ್ಕೂಲಿನ ಪುಸ್ತಕ. ಹೊಸದು. ನಮ್ಮ ಮಕ್ಕಳದ್ದು" ಎಂದೆ.

"ಗೇಟಿನ ಒಳಗೆ ಬಂದ ಮೇಲೆ ಪುಸ್ತಕ ಅನ್ನೋದು ಇಲ್ಲ. ಕಾಗದ ಅಷ್ಟೇ. ಕೀಳು."

"ಕೀಳಲ್ಲ."

"ಏನಂದೆ?"

"ಕೀಳಲ್ಲ ಅಂದೆ. ಕಿವಿಗೂ ಗಾವಲು ಹಾಕಿದ್ದೀರಾ?"

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಷ್ಟು ಸಾಕಾಯಿತು ಅವನಿಗೆ. ನನ್ನ ಮಣೆಯನ್ನು ಕಾಲಿನಿಂದ ಒದ್ದ. ನಾನು ಎದ್ದು ಹೋಗಿ ಉಳಿದ ಮೂರು ಚೀಲದ ಮೇಲೆ ಕೂತೆ. ಅಮ್ಮ ಹೆದರಿ ಓಡಿಬಂದಳು. "ನೀರಲ್ಲಿದ್ದುಕೊಂಡು ಮೊಸಳೆ ಜೊತೆ ಜಗಳ ಬೇಡ್ವೇ, ಬಾರೇ, ನಿನ್ನ ದಮ್ಮಯ್ಯ" ಎಂದು ನನ್ನ ಸೆರಗು ಹಿಡಿದು ಎಳೆದಳು. ನಾನು ಅಲ್ಲಾಡಲಿಲ್ಲ. ಅವನು ಚೀಲದ ಜೊತೆಗೇ ನನ್ನನ್ನೂ ಎಳೆದ. ನೆಲಕ್ಕೆ ಮೊಣಕೈ ತರಚಿತು. ಆಗ ಸಾಲಿನ ಹೆಂಗಸರು ಒಬ್ಬೊಬ್ಬರಾಗಿ ಎದ್ದು ನಿಂತರು. ಜಗಳಕ್ಕೆ ಯಾರೂ ಬರಲಿಲ್ಲ, ಸುಮ್ಮನೆ ಎದ್ದು ನಿಂತರು ಅಷ್ಟೇ. ಅವರ ಮಕ್ಕಳೂ ಅದೇ ಜಗಲಿಯಲ್ಲಿ ನಿಂತವರು. ಯಂತ್ರ ಬರಿದೇ ಸದ್ದು ಮಾಡುತ್ತಿತ್ತು. ಅವನು ನಮ್ಮೆಲ್ಲರ ಮುಖ ನೋಡಿದ. "ತಗೊಂಡು ಹಾಳಾಗಿ ಹೋಗಿ. ನಾಳೆಯಿಂದ ನೀವು ತಾಯಿ ಮಕ್ಕಳು ಈ ಕಡೆ ತಲೆ ಹಾಕ್ಬೇಡಿ" ಎಂದ.

ಮೂರು ಚೀಲ, ನಾವು ಮೂವರು. ತಲೆಯ ಮೇಲೆ ಹೊತ್ತು ಸ್ಕೂಲಿಗೆ ನಡೆದೆವು. ಹೊಸ ಕಾಗದದ ಭಾರ ಹೊತ್ತವರಿಗೇ ಗೊತ್ತು. ತಂಗಿಯ ಕತ್ತು ಒಂದೇ ಕಡೆ ವಾಲಿತ್ತು, ಆದರೂ ಎಲ್ಲೂ ಇಳಿಸಲಿಲ್ಲ. ಅಮ್ಮ ದಾರಿಯುದ್ದಕ್ಕೂ ನನ್ನನ್ನು ಬೈಯುತ್ತಲೇ ಬಂದಳು. ಬೈಯುತ್ತ ಬಂದಳು, ಆದರೆ ಬಂದಳು.

ಹೆಡ್ ಮೇಷ್ಟ್ರು ಚೀಲ ಕಂಡ ಕೂಡಲೇ, "ನಾನೇನೂ ಮಾರಿಲ್ಲ" ಎಂದರು. ನಾವಿನ್ನೂ ಬಾಯಿ ಬಿಟ್ಟಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ.

"ಬಂದಿಲ್ಲ ಅಂದಿದ್ರಲ್ಲ ಸಾರ್?" ತಂಗಿ ಕೇಳಿದಳು.

ಅವರು ನಮ್ಮನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದರು. "ನೋಡಮ್ಮ, ಬಂದಿತ್ತು. ಹುಟ್ಟಿದ ದಾಖಲೆ ಇರೋ ಮಕ್ಕಳಿಗೆ ಮಾತ್ರ ಕೊಡಿ ಅಂತ ಮೇಲಿನಿಂದ ಕಾಗದ. ನಿಮ್ಮ ಓಣಿಯಲ್ಲಿ ಯಾರ ಹತ್ರ ಇದೆ ದಾಖಲೆ? ತನ್ನಿ ಅಂದ್ರೆ ಗಲಾಟೆ ಮಾಡ್ತೀರಿ. ಅದಕ್ಕೇ ಬಂದಿಲ್ಲ ಅಂದೆ. ಈಗ ಅತಿಥಿಗಳು ಬರ್ತಿದ್ದಾರೆ, ಪುಸ್ತಕ ಇಟ್ಟಿದ್ದ ಕೋಣೆ ಖಾಲಿ ಮಾಡಿ ಅಂದ್ರು, ಮಾಡಿದೆ. ನಾನೂ ಹೆಂಡ್ತಿ ಮಕ್ಕಳು ಇರೋನು."

"ಖಾಲಿ ಮಾಡಿ ಏನ್ ಮಾಡ್ತೀರಿ ಆ ಕೋಣೆಯಲ್ಲಿ?" ಎಂದೆ.

"ಓದುವ ಮನೆ. ಬಡ ಮಕ್ಕಳಿಗೆ" ಎಂದರು. ನನ್ನ ಮುಖ ನೋಡಲಿಲ್ಲ.

ಅಮ್ಮನಿಗೆ ನಗು ಬಂತು. ಕೆಮ್ಮು ಬರುವಷ್ಟು ನಕ್ಕಳು.

ಆಮೇಲೆ ಅವರು ಚೀಲಕ್ಕೆ ಕೈ ಹಾಕಿ ಏಳನೇ ಕ್ಲಾಸಿನ ಆರು ಪುಸ್ತಕ ತೆಗೆದು ಮೇಜಿನ ಮೇಲೆ ಜೋಡಿಸಿದರು. "ನಿನ್ನ ತಂಗಿ ಜಾಣೆ. ಇದು ಅವಳಿಗೆ. ದಾಖಲೆ ನಾನು ನೋಡ್ಕೋತೀನಿ. ಬಾಕಿ ಚೀಲ ಇಲ್ಲೇ ಬಿಟ್ಟು ಹೋಗಿ. ಯಾರ ಹತ್ರಾನೂ ಬಾಯಿ ಬಿಡಬೇಡಿ."

ನಾನು ಕೈ ಚಾಚಿದೆ. ಸುಳ್ಳು ಯಾಕೆ ಹೇಳಲಿ? ಎರಡು ತಿಂಗಳಲ್ಲಿ ಪರೀಕ್ಷೆ, ಕೆಲಸ ಹೋಗಿದೆ, ಎದುರಿಗೆ ಆರು ಪುಸ್ತಕ. ಓಣಿಯ ಮಕ್ಕಳು ನನಗೆ ಆಗ ನೆನಪಿಗೂ ಬರಲಿಲ್ಲ. ತಂಗಿ ನನ್ನ ಮಣಿಕಟ್ಟು ಹಿಡಿದಳು.

"ಮಿಕ್ಕವರಿಗೆ ಸಾರ್?"

"ನಿಂಗ್ಯಾಕಮ್ಮ ಊರ ಉಸಾಬರಿ?"

"ಹಂಗಾದ್ರೆ ನಂಗೂ ಬೇಡ."

ಆಗ ಅವಳ ಕೆನ್ನೆಗೆ ಬಾರಿಸಬೇಕು ಎನ್ನಿಸಿತು ನನಗೆ. ಕೈಗೆ ಬಂದ ತುತ್ತನ್ನು ನೆಲಕ್ಕೆ ಚೆಲ್ಲುತ್ತಾಳಲ್ಲ ಎಂದು ಹೊಟ್ಟೆ ಉರಿಯಿತು. ಅವಳು ಆಗಲೇ ಹೊರಗೆ ಓಡಿ ಜಗಲಿಯಲ್ಲಿ ನಿಂತು ಕೂಗತೊಡಗಿದ್ದಳು: "ಪುಸ್ತಕ ಬಂದಿದೆ! ನಮ್ಮ ಪುಸ್ತಕ ಬಂದಿದೆ!"

ಗಲಾಟೆಯಾಯಿತು. ಓಣಿಯವರೆಲ್ಲ ಬಂದು ಸ್ಕೂಲಿನ ಮುಂದೆ ಕೂತರು. ಮೂರನೇ ದಿನ ಶಿಕ್ಷಣ ಇಲಾಖೆಯ ಅಧಿಕಾರಿ ಜೀಪಿನಲ್ಲಿ ಬಂದರು. ಬಹಳ ಒಳ್ಳೆಯ ಮಾತಾಡಿದರು. ತನಿಖೆ ಆಗುತ್ತದೆ, ತಪ್ಪು ಮಾಡಿದವರನ್ನು ಬಿಡುವುದಿಲ್ಲ ಎಂದರು. ನಾವು ಚಪ್ಪಾಳೆ ಹೊಡೆದೆವು, ಮಂಕುಗಳು. ಆಮೇಲೆ ಅವರು ಮೂರು ಚೀಲವನ್ನೂ ಮೆಟ್ಟಿಲ ಕೆಳಗಿನ ಕೋಣೆಗೆ ಹಾಕಿಸಿ, ಬೀಗ ಜಡಿದು, ಬೀಗಕ್ಕೆ ಬಟ್ಟೆ ಸುತ್ತಿ ಅರಗಿನ ಮುದ್ರೆ ಒತ್ತಿದರು.

"ಸಾರ್, ಪುಸ್ತಕ?" ಎಂದಳು ತಂಗಿ.

"ಅದು ಸಾಕ್ಷಿ ಕಣಮ್ಮ. ತನಿಖೆ ಮುಗಿಯೋವರೆಗೆ ಮುಟ್ಟೋ ಹಾಗಿಲ್ಲ."

"ಯಾವಾಗ ಮುಗಿಯುತ್ತೆ?"

"ಕಾನೂನಿಗೆ ಅವಸರ ಇರಲ್ಲ" ಎಂದು ಜೀಪು ಹತ್ತಿದರು.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಅದೂ ನಾವು ಒಳಗಿರುವಾಗ ಅಲ್ಲ, ಹೊರಗಿರುವಾಗ. ಇಪ್ಪತ್ತಮೂರು ದಿನ ಹೋದವು. ಹೆಡ್ ಮೇಷ್ಟ್ರು ಅದೇ ಕುರ್ಚಿಯಲ್ಲಿದ್ದರು. ನಮ್ಮ ಮಕ್ಕಳು ಬಣ್ಣ ಬಳಿದ ಹೊಸ ಜಗಲಿಯಲ್ಲಿ ನಿಂತಿದ್ದರು. ಮೆಟ್ಟಿಲ ಕೋಣೆಗೆ ಒಂದು ಸಣ್ಣ ಜಾಲರಿ ಕಿಟಕಿ ಇತ್ತು, ಚಿಕ್ಕವರು ಒಬ್ಬರ ಹೆಗಲೇರಿ ಒಬ್ಬರು ಚೀಲ ನೋಡಿ ಬರುತ್ತಿದ್ದರು. ಒಂದು ಚೀಲಕ್ಕೆ ಗೆದ್ದಲು ಹತ್ತಿದೆ ಎಂದು ಎರಡನೇ ಕ್ಲಾಸಿನ ಹುಡುಗಿ ಬಂದು ಹೇಳಿದಳು. ಅಮ್ಮ ಬೇರೆ ಕಡೆ ಗಾಜು ಒಡೆಯುವ ಕೆಲಸಕ್ಕೆ ಸೇರಿದಳು. ನಾನು ಕೆಲಸ ಕೇಳಿಕೊಂಡು ಹೋದ ಗೋದಾಮುಗಳಲ್ಲೆಲ್ಲ ನನ್ನ ಸುದ್ದಿ ಮೊದಲೇ ಹೋಗಿ ಕೂತಿತ್ತು.

ಇಪ್ಪತ್ತನಾಲ್ಕನೇ ದಿನ ಅತಿಥಿಗಳು ಬಂದರು. ಓಣಿಯ ಮಕ್ಕಳು ಆವತ್ತು ಬರಬಾರದು ಎಂದು ಹಿಂದಿನ ದಿನವೇ ಹೇಳಿ ಕಳಿಸಿದ್ದರು. ನಾವು ಕಾಂಪೌಂಡಿನ ಆಚೆಯಿಂದ ನೋಡಿದೆವು. ಓದುವ ಮನೆಯ ರಿಬ್ಬನ್ನು ಕತ್ತರಿಸಿದ್ದು ಅದೇ ಜೀಪಿನ ಅಧಿಕಾರಿ. ಗೋಡೆಗೆ ಉದ್ದ ಬ್ಯಾನರು ಕಟ್ಟಿದ್ದರು.

"ಏನಂತೆ ಅದರಲ್ಲಿ?" ಅಮ್ಮ ಕೇಳಿದಳು.

"ಶಿಕ್ಷಣ ಮಕ್ಕಳ ಬದುಕನ್ನು ಬದಲಿಸುತ್ತದೆ ಅಂತ" ಎಂದು ತಂಗಿ ಓದಿ ಹೇಳಿದಳು.

"ಯಾರ ಮಕ್ಕಳದು?" ಎಂದಳು ಅಮ್ಮ.

ಮಾರನೇ ದಿನ ಬೆಳಿಗ್ಗೆ, ಪ್ರಾರ್ಥನೆಯ ಗಂಟೆ ಹೊಡೆಯುವಾಗ ನಾನು ಸ್ಕೂಲಿಗೆ ಹೋದೆ. ಕದ್ದು ಹೋಗಲಿಲ್ಲ. ಎಲ್ಲರೂ ಸಾಲಾಗಿ ನಿಂತಿದ್ದರು. ಪಿನ್ನು ಕೀಳುವ ನನ್ನ ಹಳೆಯ ಉಳಿಯನ್ನು ಬೀಗದ ಕೊಂಡಿಗೆ ತೂರಿಸಿ ಮೈಭಾರ ಬಿಟ್ಟೆ. ಹಳೇ ಬಾಗಿಲು, ಕೊಂಡಿ ಮೊಳೆಯ ಸಮೇತ ಕಿತ್ತುಬಂತು. ಅರಗು ಪುಡಿಯಾಗಿ ಕಾಲ ಮೇಲೆ ಬಿತ್ತು. ಹೆಡ್ ಮೇಷ್ಟ್ರು ಕೂಗಿಕೊಂಡರು. ಜವಾನ ನನ್ನ ಜಡೆ ಹಿಡಿದು ಎಳೆದ. ಅಷ್ಟರಲ್ಲಿ ತಂಗಿ ಒಳಗೆ ನುಗ್ಗಿ ಚೀಲದ ಬಾಯಿ ಬಿಚ್ಚಿ, ಕ್ಲಾಸಿನ ಹೆಸರು ಕೂಗಿ ಕೂಗಿ ಪುಸ್ತಕ ಹಂಚಿದಳು. ಮಕ್ಕಳು ಸಾಲು ಮುರಿದು ಬಂದು ಇಸಕೊಂಡು ಓಡಿದರು. ಕೊನೆಗೆ ಬಂದವರಿಗೆ ಇರಲಿಲ್ಲ. ಎಂಬತ್ತು ಮಕ್ಕಳಲ್ಲಿ ಅರ್ಧ ಮಕ್ಕಳಿಗೂ ಪೂರಾ ಸಿಗಲಿಲ್ಲ. ಒಂದನೇ ಕ್ಲಾಸಿನ ಪುಸ್ತಕ ಒಂದೂ ಇರಲಿಲ್ಲ, ಅಷ್ಟನ್ನೂ ನಾವು ಕಿತ್ತಿದ್ದೆವು. ಒಂದನೇ ಕ್ಲಾಸಿನ ಚಿಕ್ಕವನೊಬ್ಬ ಖಾಲಿ ಚೀಲವನ್ನು ಕೊಡವಿ ಕೊಡವಿ ನೋಡುತ್ತಿದ್ದ. ಆ ನೋಟವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಪೊಲೀಸರು ಬಂದು ನನ್ನನ್ನು ಠಾಣೆಗೆ ಕರೆದುಕೊಂಡು ಹೋದರು. ತಂಗಿ, ಅಮ್ಮ ಹಿಂದೆಯೇ ನಡೆದು ಬಂದರು. ಬರೆದುಕೊಳ್ಳುವ ಪೊಲೀಸು ಉದ್ದ ಹಾಳೆ ಮುಂದೆ ಇಟ್ಟುಕೊಂಡು ನನ್ನನ್ನು ನೆಲದ ಮೇಲೆ ಕೂರಿಸಿದ.

"ಸರ್ಕಾರಿ ಆಸ್ತಿ ಹಾಳು ಮಾಡಿದ್ದೀಯಾ?"

"ಮಾಡಿದ್ದೀನಿ. ಪುಸ್ತಕ ಹರಿದಿದ್ದೀನಿ. ಬರ್ಕೊಳ್ಳಿ."

"ಅದಲ್ಲಮ್ಮ. ಬೀಗ, ಮುದ್ರೆ."

"ಅದನ್ನೂ ಒಡೆದಿದ್ದೀನಿ. ಆದ್ರೆ ಮೊದಲು ಪುಸ್ತಕದ್ದು ಬರ್ಕೊಳ್ಳಿ."

"ಪುಸ್ತಕದ್ದು ಕೇಸೇ ಇಲ್ಲ."

"ಅದೆಂಗೆ ಇಲ್ಲ? ತನಿಖೆ ಅಂದ್ರಲ್ಲ?"

ಅವನು ಕಡತ ತಿರುವಿ ನೋಡಿದ. ಒಳ್ಳೆಯವನೇ ಇರಬೇಕು, ನಿಜವಾಗಿಯೂ ನೋಡಿದ. "ಬೀಗದ್ದು ದೂರು ಬಂದಿದೆ. ಪುಸ್ತಕದ್ದು ಯಾರೂ ದೂರು ಕೊಟ್ಟಿಲ್ಲ" ಎಂದ.

ಎಂಬತ್ತು ಮಕ್ಕಳು ಇಡೀ ವರ್ಷ ಪುಸ್ತಕವಿಲ್ಲದೆ ಕಳೆದರು, ಜಗಲಿಯಲ್ಲಿ ನಿಂತರು. ಅದರದ್ದು ಒಂದು ಸಾಲೂ ಎಲ್ಲೂ ಇಲ್ಲ. ಬೀಗದ್ದು ಮೂರು ಹಾಳೆ ಇತ್ತು.

"ನಾನು ಕೊಡ್ತೀನಿ ದೂರು."

"ಯಾರ ಮೇಲೆ?"

"ನನ್ನ ಮೇಲೆ. ಹರಿದೋಳು ನಾನು. ಮೊದಲು ನನ್ನ ಹಿಡೀರಿ. ಆಮೇಲೆ ಆ ಪುಸ್ತಕ ನನ್ನ ಕೈಗೆ ಹೆಂಗೆ ಬಂತು, ಯಾರು ಕಳಿಸಿದ್ರು ಅಂತ ನೀವು ಕೇಳಲೇಬೇಕಲ್ಲ. ಬರ್ಕೊಳ್ಳಿ."

ಅವನು ಪೆನ್ನು ಕೆಳಗಿಟ್ಟ. "ನಿಂಗೇನು ತಲೆ ಕೆಟ್ಟಿದೆಯಾ? ನಾನು ಬರೆಯಲ್ಲ."

"ನೀವು ಬರೀಬೇಡಿ ಸಾರ್" ಎಂದಳು ತಂಗಿ. ಚೀಲದಿಂದ ಒಂದು ಮಗ್ಗುಲು ಖಾಲಿ ಇದ್ದ ಹಾಳೆ ತೆಗೆದಳು. ನನ್ನ ಪಕ್ಕ ನೆಲದ ಮೇಲೆ ಕೂತು, ವಿಜ್ಞಾನದ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಅದರ ಮೇಲೆ ಹಾಳೆ ಹರವಿದಳು. "ಬರೆದು ಕೊಟ್ಟರೆ ತಗೊಳ್ಳಲೇಬೇಕು. ಪೌರನೀತಿ ಪಾಠದಲ್ಲಿದೆ. ಕಿಟಕಿಯಿಂದ ಕೇಳಿದ್ದೀನಿ." ಅವಳು ಮೇಲೆ ತಾರೀಖು ಹಾಕಿದಳು. ನನ್ನ ಹೆಸರು ಬರೆದಳು. ಅಕ್ಷರ ದುಂಡಗಿದ್ದವು.

"ಎಷ್ಟು ಪುಸ್ತಕ ಅಂತ ಬರೀಲಿ ಅಕ್ಕಾ?"

"ಇನ್ನೂರ ನಲವತ್ತು. ಅಮ್ಮನ ಪಾಲೂ ನನ್ನ ಹೆಸರಿಗೇ ಹಾಕು."

ಬಾಗಿಲ ಹತ್ತಿರ ಗೋಡೆಗೆ ಅಂಟಿಕೊಂಡು ನಿಂತಿದ್ದ ಅಮ್ಮ, ಪೊಲೀಸರನ್ನು ಕಂಡರೆ ರಸ್ತೆ ದಾಟಿ ಹೋಗುತ್ತಿದ್ದ ನಮ್ಮಮ್ಮ, ಮುಂದೆ ಬಂದಳು. ಮೇಜಿನ ಎದುರಿಗೆ ಬಂದು ನಿಂತಳು.

"ನಂದು ನೀನ್ಯಾಕೆ ಹೊರ್ತೀಯೇ?" ಎಂದಳು ನನಗೆ. ಆಮೇಲೆ ತಂಗಿಯ ಕಡೆ ತಿರುಗಿದಳು. "ನೂರು ನಂದು. ನನ್ನ ಹೆಸರು ಬೇರೆ ಬರಿ."